ಕ್ಯಾಂಟೀನಣ್ಣನ ಖಳ ಪಾತ್ರ

ಈ ಕಥೆಯನ್ನು ನಾನು ಹೇಳುವುದು ಉದ್ಧಟತನವೇ ಸರಿ, ಕ್ಷಮಿಸಬೇಕು. ನಾಟಕದಲ್ಲಿ ನಾನು ಪರದೆ ಎಳೆದವನು, ಅಷ್ಟೆ. ಆದರೆ ನಮ್ಮ ಮುದ್ರಣಾಲಯದಲ್ಲಿ ಉಳಿದವರೆಲ್ಲ ಇದನ್ನು ನಗುತ್ತಾ ಹೇಳುತ್ತಾರೆ. ನನಗೆ ಹಾಗೆ ಹೇಳಲು ಬರುವುದಿಲ್ಲ.

ವಾರ್ಷಿಕೋತ್ಸವದ ನಾಟಕದ ಕೊನೆಯ ದೃಶ್ಯ. ಸೂಪರ್‌ವೈಸರ್ ಕೈ ಎತ್ತಿ ಕ್ಯಾಂಟೀನಣ್ಣನ ಕೆನ್ನೆಗೆ ಬಾರಿಸಿದರು. ಚಪ್ಪಾಳೆ ಬೀಳಬೇಕಾದ ಜಾಗ. ಇಡೀ ಸಭೆ "ಅಯ್ಯೋ ಪಾಪ!" ಎಂದಿತು.

ನಾಟಕದಲ್ಲಿ ಕ್ಯಾಂಟೀನಣ್ಣ ವಿಧವೆಯೊಬ್ಬಳ ಮನೆ ನುಂಗಿ ಅವಳನ್ನು ಬೀದಿಗೆ ನೂಕಿದ ದುಷ್ಟ; ಸೂಪರ್‌ವೈಸರ್ ಅವಳಿಗೆ ನ್ಯಾಯ ಕೊಡಿಸುವ ಅಧಿಕಾರಿ. ಆದರೆ ನೋಡುವವರಿಗೆ ಕ್ಯಾಂಟೀನಣ್ಣ ಎಂದರೆ, ಮೈ ಬೆಚ್ಚಗಿದೆ ಎಂದರೆ ಸಾಕು, ಮೆಷಿನ್ ಹತ್ತಿರಕ್ಕೇ ಬಿಸಿ ಚಹಾ ತಂದುಕೊಡುವವನು. ಸೂಪರ್‌ವೈಸರ್ ಎಂದರೆ, ತಡವಾಗಿ ಬಂದರೆ ಅರ್ಧ ದಿನದ ಸಂಬಳ ಕತ್ತರಿಸುವವರು.

"ಏನ್ ಸಾರ್, ಅಣ್ಣಂಗೂ ಅರ್ಧ ದಿನ ಕಟ್ಟಾ?" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಹೋ ಎಂದು ನಕ್ಕರು.

ಸೂಪರ್‌ವೈಸರ್ ಮಾತು ಮರೆತು ನಿಂತರು. ಆ ಪಾತ್ರವನ್ನು ಅವರೇ ಬಾಯಿಬಿಟ್ಟು ಕೇಳಿ ಪಡೆದಿದ್ದರು. ಒಂದು ಸಂಜೆಯಾದರೂ ಈ ಜನ ತನ್ನನ್ನು ಮೆಚ್ಚಬೇಕು, ಅದನ್ನು ಹೆಂಡತಿ ನೋಡಬೇಕು ಎಂಬ ಆಸೆ. ಆಕೆ ಮುಂದಿನ ಸಾಲಿನಲ್ಲಿ ಕೈಚೀಲವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು.

"ಇನ್ನೊಂದು ಏಟು ಬಿಡಿ ಸಾರ್, ನಂಗೇನೂ ಬೇಜಾರಿಲ್ಲ," ಕ್ಯಾಂಟೀನಣ್ಣ ಪಿಸುಗುಟ್ಟಿದ.

"ಕೈ ಏಳ್ತಿಲ್ಲ ಕಣಯ್ಯಾ."

ಅಣ್ಣ ಸಭೆಯತ್ತ ತಿರುಗಿ ಕಣ್ಣು ಕೆಂಪಗೆ ಮಾಡಿದ. "ಏನ್ರೋ ನಗ್ತೀರಾ? ನಿಮ್ಮ ಮನೇನೂ ನುಂಗಿಬಿಡ್ತೀನಿ!"

"ನುಂಗಣ್ಣಾ, ನೀನು ತಾನೇ!" ಸಿಳ್ಳೆ.

ಬೇರೆ ದಾರಿ ಕಾಣದೆ ಅವನು ಸೂಪರ್‌ವೈಸರ್ ಕಾಲಿಗೆ ಬಿದ್ದ. "ತಪ್ಪೆಲ್ಲಾ ನಂದೇ. ಇವರು ಹೊಡೆದದ್ದು ನ್ಯಾಯ!" ನಾಟಕದಲ್ಲಿ ಇಲ್ಲದ ಮಾತು. ಸೂಪರ್‌ವೈಸರ್ ಮಾನ ಉಳಿಸಲೆಂದೇ ಹೇಳಿದ್ದು. ಹೆಂಗಸರು ಕಣ್ಣೊರೆಸಿಕೊಂಡರು. "ಕ್ಷಮಿಸಿಬಿಡಿ ಸಾರ್!" ಎಂದು ನಾಲ್ಕೂ ಕಡೆಯಿಂದ ಕೂಗು. ಸೂಪರ್‌ವೈಸರ್ ಬಗ್ಗಿ ಅವನನ್ನು ಎಬ್ಬಿಸಿ ಅಪ್ಪಿಕೊಂಡರು.

ಆಗ ಬಿತ್ತು ನೋಡಿ ಚಪ್ಪಾಳೆ! "ಎಳಿಯಯ್ಯಾ ಪರದೆ, ಇಂಥ ಹೊತ್ತು ಮತ್ತೆ ಸಿಗಲ್ಲ!" ಎಂದರು ನಿರ್ದೇಶಕರು. ಎಳೆದೆ.

ಬಣ್ಣದ ಕೋಣೆಗೆ ಸೂಪರ್‌ವೈಸರ್ ಹೆಂಡತಿ ಬಂದರು.

"ಕೇಳಿಸ್ತಾ ಚಪ್ಪಾಳೆ?" ಸೂಪರ್‌ವೈಸರ್ ಕೇಳಿದರು. ಅವರ ಅರ್ಧ ಮುಖದಲ್ಲಿ ಇನ್ನೂ ಬಣ್ಣವಿತ್ತು.

"ಕೇಳಿಸ್ತು. ಈ ಅಣ್ಣನ್ನ ನೋಡಿ ನಂಗೂ ಅಳು ಬಂತು." ಆಕೆ ಗಂಡನತ್ತ ತಿರುಗಿದರು. "ಅಲ್ಲಾ ರೀ, ಕೊನೆಗೆ ಆ ಹೆಂಗಸಿಗೆ ಮನೆ ಸಿಕ್ತಾ?"

ಸೂಪರ್‌ವೈಸರ್ ಕೈ ಮೆಲ್ಲಗೆ ಕೋಟಿನ ಜೇಬಿಗೆ ಹೋಯಿತು. ವಿಧವೆಗೆ ಒಪ್ಪಿಸಬೇಕಿದ್ದ ಮನೆಯ ಬೀಗದಕೈ ಅಲ್ಲೇ ಇತ್ತು.

ವಿಧವೆಯ ಪಾತ್ರದ ಹುಡುಗಿ, ನಮ್ಮ ಬೈಂಡಿಂಗ್ ವಿಭಾಗದವಳು, ಮೂಲೆಯಲ್ಲಿ ತನ್ನ ಬಟ್ಟೆಗಂಟಿನ ಮೇಲೆ ಕೂತಿದ್ದಳು. ರಂಗದ ಮೇಲೂ ಅವಳು ಕೊನೆಯವರೆಗೆ ಅದೇ ಗಂಟು ಹಿಡಿದು ನಿಂತೇ ಇದ್ದಳು.

"ನಂಗಿದ್ದದ್ದು ಒಂದೇ ಮಾತು, ಸಾರ್," ಎಂದಳು. "ಬೀಗದಕೈ ಕೊಟ್ಟ ಮೇಲೆ."

ಅವರು ಬೀಗದಕೈಯನ್ನು ಅವಳತ್ತ ಚಾಚಿದರು.

"ಈಗ ಯಾಕೆ ಬಿಡಿ ಸಾರ್, ಪರದೆ ಬಿತ್ತಲ್ಲ," ಎಂದು ಅವಳು ನಕ್ಕು ಗಂಟು ಎತ್ತಿಕೊಂಡಳು.

ಸೂಪರ್‌ವೈಸರ್ ಹಾಗೆಯೇ ಕೈ ಚಾಚಿ ನಿಂತಿದ್ದರು. ಎಷ್ಟು ಹೊತ್ತು ನಿಂತರೋ, ಬೀಗದಕೈ ಕೊನೆಗೆ ಯಾರ ಕೈ ಸೇರಿತೋ, ನನಗೆ ಗೊತ್ತಿಲ್ಲ. ನಾನು ಪರದೆ ಮಡಚಲು ಹೋಗಬೇಕಿತ್ತು.