ಬಾವಿತನಕ ಆಯಿಯ ನಡಿಗೆ

ನನ್ನ ಮೊಣಕಾಲಿಗೆಂದು ಹಂಚಿನ ಮೇಲೆ ಎಕ್ಕದ ಎಲೆ ಬಿಸಿಮಾಡಿದಾಗಲೆಲ್ಲ, ಅದರ ಕಟು ವಾಸನೆಗೆ ನಮ್ಮೂರು ಕನ್ನೊಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ. ನಾನಾಗ ಶಾಲೆಯಲ್ಲಿ ಮೂರನೇ ಇಯತ್ತೆ.

ಆಯಿ, ಅಂದರೆ ನಮ್ಮಪ್ಪನ ತಾಯಿ, ಊದಿದ ಮೊಣಕಾಲಿಗೆ ಔಡಲೆಣ್ಣೆ ತಿಕ್ಕಿ, ಬೆಚ್ಚನೆಯ ಎಲೆಗಳನ್ನಿಟ್ಟು, ಹಳೆಯ ಧೋತರದ ಚೂರಿನಿಂದ ಬಿಗಿದು, ಕೋಲು ಹಿಡಿದು ಎದ್ದಳು.

“ಅತ್ತಿ, ಸುಮ್ಮನ ಕುಂದರ್ರಿ,” ಎಂದಳು ಅವ್ವ.

“ಇವತ್ತ ಕುಂತರ ನಾಳೆ ಏಳಾಕ ಆಗಂಗಿಲ್ಲ. ದಿನಾ ಬಾವಿತನಕ ಹೋಗಿ ಬರಾಕಿನ ನಾ.”

ನನ್ನನ್ನೂ ಕರೆದುಕೊಂಡು ಹೊರಟಳು. ಬಾವಿ ಮುಟ್ಟುವಷ್ಟರಲ್ಲಿ ಆಯಿಯ ಮುಖವೆಲ್ಲ ಬೆವರು. ಅಪ್ಪನನ್ನು ಕರೆಯಲೇ ಎಂದೆ.

“ಬ್ಯಾಡ. ನೀ ಮುಂದ ನಡಿ, ಹೊಳ್ಳಿ ನೋಡಬ್ಯಾಡ.”

ನಾನು ನೋಡಲಿಲ್ಲ. ಬೆನ್ನ ಹಿಂದೆ ಕೋಲಿನ ಸದ್ದು ನಿಂತಾಗಲೆಲ್ಲ ನಾನೂ ನಿಂತೆ. ಮತ್ತೆ ಕೇಳಿಸಿದಾಗ ನಡೆದೆ.