ನುಣುಪು ಕೈಯ ದಲ್ಲಾಳಿ

ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದ ಪಾಲಾಕ್ಷಪ್ಪಜ್ಜ ಥಟ್ಟನೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡ.

“ಯಾರ ಕೈ ಇದು?” ಎಂದ. “ನಾನು ಮೈಲಾರೇಶನ ಕೈ ಕೇಳಿದ್ನಿ. ಯಾವುದೋ ಹೆಣ್ಮಗಳ ಕೈ ತಂದು ಇಟ್ಟೀರಿ.”

ಮೈಲಾರೇಶ ಅಂದರೆ ನಾನೇ. ಹರಪನಹಳ್ಳಿಯ ಕುರಿ ಸಂತೆಯಲ್ಲಿ ಕೊಳ್ಳುವವರ ಪರವಾಗಿ ಕುರಿಗೆ ದರ ಕುದುರಿಸುವ ದಲ್ಲಾಳಿ. ನಮ್ಮಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಮುಗಿಸುತ್ತೇವೆ. ಹಲವಾಗಲಿನ ಈ ಅಜ್ಜನಿಗೆ ಎರಡೂ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ಆದರೂ ಕುರಿ ಮಾರಲು ಅವನೇ ಬರುತ್ತಾನೆ, ನನ್ನ ಕೈಗೆ ಮಾತ್ರ ಮಾರುತ್ತಾನೆ. ಮೊದಲು ನಮ್ಮಪ್ಪನ ಕೈಗೆ ಮಾರುತ್ತಿದ್ದ. ಅಪ್ಪನದು ಉಗುರಿನ ಬುಡದವರೆಗೂ ಕೂದಲು ತುಂಬಿದ ಕೈ. ಅವನು ಹೋದಮೇಲೆ ಆಸ್ತಿಯೆಂದು ನನಗೆ ಬಂದದ್ದು ಆ ಕೂದಲು ಮತ್ತು ಈ ಗಿರಾಕಿಗಳು. ಕೂದಲನ್ನು ಒಂದು ತಿಂಗಳಿಂದ ನಾನೇ ಸುಡುತ್ತಿದ್ದೆ. ಗಿರಾಕಿ ಈಗ ಎದ್ದು ಹೊರಟಿದ್ದ.

ಇದಕ್ಕೆಲ್ಲ ಕಾರಣ ಕೊಟ್ಟೂರಿನ ಸಂಗೀತಾ. ಹೆಣ್ಣು ನೋಡಲು ಹೋದಾಗ ಚಹಾದ ಕಪ್ಪು ಕೊಡುತ್ತ ನನ್ನ ಮುಂಗೈ ನೋಡಿ ನಕ್ಕಳು. ಬೇರೆಯವನಾಗಿದ್ದರೆ ಖುಷಿಪಡುತ್ತಿದ್ದ. ಮೂರು ಕಡೆ ಬೇಡವೆನಿಸಿಕೊಂಡ, ಮೂವತ್ತಮೂರರ ನಾನು ವಾಪಸು ಬರುವ ಬಸ್ಸಿನಲ್ಲೇ ಮೊಬೈಲ್ ತೆಗೆದು, ಮನೆಯಲ್ಲೇ ಕೂದಲು ತೆಗೆಯುವ ಲೇಸರ್ ಯಂತ್ರಕ್ಕೆ ಆರ್ಡರ್ ಹಾಕಿದೆ. ಡಬ್ಬಿಯ ಮೇಲೆ ಒಬ್ಬ ಸುಂದರಿ ತನ್ನ ಕಾಲನ್ನು ತಾನೇ ನೋಡಿ ಮುಗುಳ್ನಗುತ್ತಿದ್ದಳು. ವಾರಕ್ಕೊಮ್ಮೆ ಮೊದಲು ಬ್ಲೇಡಿನಿಂದ ಬೋಳಿಸಿ, ಆಮೇಲೆ ಯಂತ್ರ ಒತ್ತಬೇಕು. ಬೆಳಕು ಮಿಂಚಿ, ರಬ್ಬರ್ ಬ್ಯಾಂಡ್ ಬಡಿದಂತಾಗಿ, ಕೂದಲು ಸುಟ್ಟ ವಾಸನೆ ಏಳುತ್ತದೆ. ಬಿಸಿಲಿಗೆ ಕರ್ರಗಾದ ನನ್ನ ಮುಂಗೈ ಕಂಡರೆ ಅದು ಎಷ್ಟೋ ಸಲ ಕೆಂಪು ದೀಪ ಹತ್ತಿಸಿ ಮುಷ್ಕರ ಹೂಡುತ್ತಿತ್ತು. ಅಲ್ಲೆಲ್ಲ ಬ್ಲೇಡೇ ಗತಿ. ಮೊದಲ ದಿನ ಬಾಗಿಲು ಹಾಕಿಕೊಂಡು ಕೂತಾಗ ಅವ್ವ ಹೊರಗಿನಿಂದ ಕೂಗಿದ್ದಳು: “ಸ್ವಾಮಾರ ದಿನ ಯಾವನಲೇ ಅವನು, ಕುರಿ ತಲಿ ಸುಡಾಕ ಹತ್ಯಾನ?” ಆ ಕುರಿ ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ.

“ಅಜ್ಜಾ, ನಾನ ಮೈಲಾರೇಶ. ದನಿ ಗುರ್ತು ಸಿಗಲಿಲ್ಲೇನು?”

“ದನಿಗೇನು, ಈಗ ಮೊಬೈಲು ಯಾರ ದನಿಯಾಗ ಬೇಕಾದ್ರೂ ಮಾತಾಡತೈತಂತ. ಮೊಮ್ಮಗಳು ಹೇಳ್ಯಾಳ.” ಅಜ್ಜ ಟಗರುಗಳ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. “ಕಣ್ಣಿಲ್ಲದವನಿಗೆ ಮೋಸ ಮಾಡಾಕ ಬಂದೀರಿ. ನನ್ನ ಕುರಿ ನನ್ನ ಸಂಗಾಟ ಊರಿಗೆ ಬರತಾವ.”

ಸುತ್ತ ಜನ ಸೇರಿತು. ದಲ್ಲಾಳಿಗೆ ಒಮ್ಮೆ ಮೋಸಗಾರನೆಂಬ ಹೆಸರು ಬಂದರೆ ಮುಗಿಯಿತು. ಮುಂದಿನ ಸಂತೆಗೆ ಹಲವಾಗಲಿನ ಒಂದು ಮರಿಯೂ ನನ್ನ ಕಡೆ ತಿರುಗುವುದಿಲ್ಲ. ಅಪ್ಪ ಮೂವತ್ತು ವರ್ಷ ಕಾಪಾಡಿದ ನಂಬಿಕೆ ನನ್ನ ನಾಲ್ಕು ವಾರದ ಶೋಕಿಗೆ ಹೋಗುವುದರಲ್ಲಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇದ್ದದ್ದನ್ನು ಹೇಳುವುದೊಂದೇ ದಾರಿ, ಅದನ್ನೂ ಇಷ್ಟು ಮೀಸೆಗಳ ನಡುವೆ ನಿಂತು ಹೇಳಬೇಕು.

“ಕೂದ್ಲಾ ತಗದೀನಿ ಅಜ್ಜಾ,” ಎಂದೆ. “ಮಷಿನ್ ತರಿಸೀನಿ. ಲೇಸರ್.”

“ಯಾಕ, ಕಜ್ಜಿ ಆಗಿತ್ತೇನು?”

“ಇಲ್ಲ. ಮದಿವಿಗೆ.”

ಚಹಾ ಮಾರುವ ಅಂಜಿನಕ್ಕ ಕೈಯಲ್ಲಿದ್ದ ಕೆಟಲ್ ಕೆಳಗಿಟ್ಟು ಹತ್ತಿರ ಬಂದಳು. “ಕೊಟ್ಟೂರಿನ ಹುಡುಗಿ ತಗಿ ಅಂದ್ಲೇನು?”

“ಇಲ್ಲಕ್ಕ. ಕೈ ನೋಡಿ ನಕ್ಕಳು.”

“ನಕ್ಕರ ಮೆಚ್ಚ್ಯಾಳ ಅಂತ ತಿಳಕಾಬೇಕು. ಕೈ ಸುಟಗಂಡು ಕುಂತೀಯಲ್ಲೋ.”

ಜನ ನಕ್ಕರು. ಅಜ್ಜ ನಗಲಿಲ್ಲ. ಹಗ್ಗ ಸಡಿಲಿಸದೆ, “ಮೈಮ್ಯಾಲೆ ಎಲ್ಲೆರ ಉಳಿದೈತೇನು?” ಎಂದು ಕೇಳಿದ.

ಕೈ, ತೋಳು, ಎದೆ ಎಲ್ಲ ಮುಗಿದಿದ್ದವು. ಉಳಿದದ್ದು ಒಂದೇ ಜಾಗ, ಬೆನ್ನಿನ ನಡುಮಧ್ಯ. ಅಲ್ಲಿಗೆ ಎಡಗೈಯೂ ಎಟುಕುವುದಿಲ್ಲ, ಬಲಗೈಯೂ ಎಟುಕುವುದಿಲ್ಲ. ಒತ್ತಿಕೊಡು ಎಂದು ಅವ್ವನನ್ನು ಕೇಳುವ ಹಾಗೂ ಇಲ್ಲ. ಸಂತೆಯ ನಡುವೆ ಅಂಗಿ ಬಿಚ್ಚಿ, ಅಜ್ಜನಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತೆ. ಉಣ್ಣೆ ಕತ್ತರಿಸಲು ಹಿಡಿದ ಕುರಿಯೂ ನನಗಿಂತ ಮರ್ಯಾದೆಯಿಂದ ಕೂರುತ್ತದೆ.

ಅಜ್ಜನ ಒರಟು ಅಂಗೈ ಭುಜದಿಂದ ಇಳಿಯಿತು. ಅಲ್ಲಲ್ಲಿ ನಿಂತು ಅನುಮಾನಿಸಿತು. ನಡುಬೆನ್ನಿಗೆ ಬಂದು ಒಂದು ಕುಚ್ಚು ಕೂದಲನ್ನು ಹಿಡಿದು ಜಗ್ಗಿತು. ನನ್ನ ಕಣ್ಣಲ್ಲಿ ನೀರು ಬಂತು, ನೋವಿಗೋ ಸಮಾಧಾನಕ್ಕೋ ಗೊತ್ತಿಲ್ಲ.

“ಐತಿ,” ಎಂದ ಅಜ್ಜ. ದನಿ ಮೆತ್ತಗಾಗಿತ್ತು. “ನಿಮ್ಮಪ್ಪ ಇಲ್ಲಿ ಕುಂತಾನ.”

ನಾನು ಏಳಲು ಹೋದೆ. ಅಜ್ಜ ಭುಜ ಅದುಮಿ ಕೂರಿಸಿದ. “ಆ ಕೈ ಜೋಡಿ ನನಗ ಯಾಪಾರ ಬ್ಯಾಡ,” ಎನ್ನುತ್ತ ಟವೆಲ್ಲನ್ನು ನನ್ನ ಬೆನ್ನ ಮೇಲೆ ಹೊದಿಸಿ, ಅದರ ಕೆಳಗೆ ಕೈ ತೂರಿಸಿ, ಒಂದೊಂದೇ ಬೆರಳು ಒತ್ತಿ ಟಗರುಗಳ ದರ ಹೇಳತೊಡಗಿದ. ಜಾಸ್ತಿಯಾಯಿತೆಂದು ತಿರುಗಿ ಒತ್ತಲು ನನ್ನ ಬೆನ್ನಿಗೆ ಬೆರಳಿರಲಿಲ್ಲ.