ಎಂಟು ಪುಟದ ಪತ್ರಿಕೆ

ಪ್ರತಿ ಭಾನುವಾರ ನಗರ ಗ್ರಂಥಾಲಯದಲ್ಲಿ ಹೈಸ್ಕೂಲು ಹುಡುಗಿಯರು ಒಂದೇ ಹಾಳೆಯನ್ನು ಮಡಚಿ, ನಡುವೆ ಕತ್ತರಿಸಿ, ಎಂಟು ಪುಟದ ಕೈಬರಹದ ಪತ್ರಿಕೆಗಳನ್ನು ಮಾಡುತ್ತಿದ್ದರು. ಕಲಿಸುತ್ತಿದ್ದವರು ಗ್ರಂಥಪಾಲಕಿ. ತಪಾಸಣೆಗೆ ಬಂದ ಜಿಲ್ಲಾ ಗ್ರಂಥಾಲಯಾಧಿಕಾರಿಗಳು ಒಂದನ್ನು ಕೈಗೆತ್ತಿಕೊಂಡರು. ಮುಖಪುಟದಲ್ಲಿ ಸಾಕ್ಷಾತ್ ಅವರೇ ಇದ್ದರು: ಭಾಷಣದ ವೇದಿಕೆಯ ಮೇಲೆ, ಬಾಯಿ ತೆರೆದು, ಗಾಢನಿದ್ರೆಯಲ್ಲಿ.

“ಯಾರ ಕೆಲಸ ಇದು?”

“ನಂದೇ ಸರ್,” ಎಂದಳು ಎರಡು ಜಡೆಯ ಹುಡುಗಿ. “ಮೂಗು ಸರಿಯಾಗಿ ಬರಲಿಲ್ಲ ಅಂತ ನಂಗೂ ಬೇಜಾರಿದೆ.”

ಅಧಿಕಾರಿಗಳ ಕಿವಿ ಕೆಂಪಾಯಿತು. “ಮೇಡಂ, ಇದನ್ನ ನನ್ನ ಕಣ್ಣೆದುರಿಗೇ ಹರಿದು ಹಾಕಿ.”

ಗ್ರಂಥಪಾಲಕಿ ಪತ್ರಿಕೆಯನ್ನು ಎರಡೂ ಕೈಗಳಿಂದ ವಿನಯಪೂರ್ವಕವಾಗಿ ಪಡೆದು ತಮ್ಮ ಮೇಜಿನತ್ತ ನಡೆದರು.

“ಬೇಡ ಮೇಡಂ, ಇರೋದು ಅದೊಂದೇ ಪ್ರತಿ!” ಹುಡುಗಿ ಅವರ ಹಿಂದೆಯೇ ಓಡಿದಳು.

ಠಪ್ಪೆಂದು ಮೊದಲ ಪುಟಕ್ಕೆ ಗ್ರಂಥಾಲಯದ ಮೊಹರು ಬಿತ್ತು. ಗ್ರಂಥಪಾಲಕಿ ದಾಖಲೆ ಪುಸ್ತಕದಲ್ಲಿ ಹೊಸ ಸಂಖ್ಯೆಯೊಂದನ್ನು ನಮೂದಿಸಿ, ಅದೇ ಸಂಖ್ಯೆಯನ್ನು ಪತ್ರಿಕೆಯ ಮೇಲೂ ಬರೆದು, ಅಧಿಕಾರಿಗಳ ಮುಂದೆ ಹಿಡಿದರು.

“ಈಗ ಇದು ಸರ್ಕಾರದ ಸ್ವತ್ತು. ಹರಿದವರ ಕೆಲಸಕ್ಕೇ ಸಂಚಕಾರ. ತಗೊಳ್ಳಿ ಸರ್, ಹರೀರಿ.”